ಅಂಗಡಿಯೂ ಫೋನಲ್ಲೇ, ಗಲಾಟೆಯೂ ಫೋನಲ್ಲೇ: ಗಮನ ಹಿಡಿದಿಡುವುದು ಹೇಗೆ?

ಆನ್‌ಲೈನ್ ವ್ಯಾಪಾರ ಶುರು ಮಾಡುವುದು ಈಗ ಕಷ್ಟವೇನಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಂಡು ನಾಲ್ಕು ಫೋಟೊ ಏರಿಸಿದರೆ ಅಂಗಡಿ ತೆರೆದಂತೆಯೇ. ಆದರೆ ಅದೇ ಫೋನಿನಲ್ಲಿ ರೀಲ್ಸ್, ಕ್ರಿಕೆಟ್, ಮನೆಯವರ ಗ್ರೂಪ್ ಎಲ್ಲವೂ ಇವೆ. ನೀವು ತಿಪಟೂರಿನಲ್ಲಿ ಮನೆಯಿಂದಲೇ ಉಂಡೆ ಕೊಬ್ಬರಿ ಮಾರಲು ಹೊರಟಿದ್ದೀರಿ ಅಂದುಕೊಳ್ಳಿ. ಎಲ್ಲಿಂದ ಶುರು ಮಾಡಬೇಕು?

ಹಂತ 1: ಒಂದೇ ಸರಕು ಹಿಡಿಯಿರಿ

ವ್ಯಾಪಾರಕ್ಕೆ ರೀಲ್ಸ್‌ಗಿಂತ ದೊಡ್ಡ ಶತ್ರು ಹೊಸ ಐಡಿಯಾ. ಕೊಬ್ಬರಿ ಮಾರುವಾಗ ಎಣ್ಣೆ ಯಾಕೆ ಬೇಡ ಅನ್ನಿಸುತ್ತದೆ. ಎಣ್ಣೆ ಬಂದರೆ ಸೋಪು, ಮಿಠಾಯಿ. ಒಂದೊಂದಕ್ಕೂ ಬೇರೆ ಪ್ಯಾಕಿಂಗ್, ಬೇರೆ ಲೇಬಲ್, ಬೇರೆ ತಲೆನೋವು. ಎಣ್ಣೆ ಬಾಟಲಿ ದಾರಿಯಲ್ಲಿ ಸೋರಿದರೆ ಆ ವಾರವೆಲ್ಲ ಸಮಾಧಾನ ಹೇಳುವುದೇ ಕೆಲಸ. ಐಡಿಯಾಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ಮೂರು ತಿಂಗಳು ಸುಮ್ನೆ ಬಿಡಿ. ಕಾಯಿಯನ್ನು ಅಟ್ಟಕ್ಕೆ ಹಾಕಿ, ನೀರು ಇಂಗಿ ಒಳಗೆ ಗಿಟುಕು ಅಲ್ಲಾಡುವವರೆಗೆ ತಿಂಗಳುಗಟ್ಟಲೆ ಕಾಯುವ ಊರಿನವರಿಗೆ ಇದೇನು ಜಾಸ್ತಿ ಅಲ್ಲ ಅಲ್ವಾ?

ಹಂತ 2: ಕಾಗದಪತ್ರ ಒಟ್ಟಿಗೆ ಮುಗಿಸಿ

ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಇದು ಮುಗಿಯುವುದೇ ಇಲ್ಲ. ತಿನ್ನುವ ಪದಾರ್ಥಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಸಣ್ಣ ವ್ಯಾಪಾರಗಳಿಗೆಂದೇ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳ ಹತ್ತಿರ ಹೋಗಬೇಡಿ. ಕೊಬ್ಬರಿಯನ್ನು ಹೊರ ರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹಾಗಾಗಿ ಮೊದಮೊದಲು ಕರ್ನಾಟಕದೊಳಗಿನ ಆರ್ಡರ್ ಮಾತ್ರ ಹಿಡಿಯಿರಿ. ಚೆನ್ನೈನಿಂದ ಕೇಳಿದರೂ ಸದ್ಯಕ್ಕೆ ಇಲ್ಲ ಅನ್ನಿ.

ಹಂತ 3: ಫೋನಿಗೆ ಹೊತ್ತು ಗೊತ್ತು ಮಾಡಿ

ವ್ಯಾಪಾರಕ್ಕೆ ಬೇರೆ ಸಿಮ್ ಇರಲಿ. ಎರಡು ನಂಬರ್ ಇದ್ದರೆ ಮಾಮೂಲಿ ವಾಟ್ಸ್‌ಆ್ಯಪ್, ಬಿಸಿನೆಸ್ ಆ್ಯಪ್ ಎರಡೂ ಒಂದೇ ಫೋನಿನಲ್ಲಿ ಓಡುತ್ತವೆ. ಬಿಸಿನೆಸ್ ಆ್ಯಪ್‌ನಲ್ಲಿ ‘ಕ್ವಿಕ್ ರಿಪ್ಲೈ’ ಅಂತ ಇದೆ. ರೇಟು, ಪೋಸ್ಟ್ ಖರ್ಚು, ತಲುಪುವ ದಿನ ಎಲ್ಲವನ್ನೂ ಒಮ್ಮೆ ಬರೆದಿಟ್ಟರೆ, ಆಮೇಲೆ ಓರೆಗೆರೆ (/) ಒತ್ತಿ ಆರಿಸಿ ಕಳಿಸಿದರಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಉತ್ತರ ಕೊಡಿ. ಮಿಕ್ಕ ಹೊತ್ತಿಗೆ ತಾನಾಗಿಯೇ ಉತ್ತರ ಹೋಗುವ ‘ಅವೇ ಮೆಸೇಜ್’ ಇದೆ. ಕೊಬ್ಬರಿ ಬೇಕಾದವರು ಸಂಜೆವರೆಗೆ ಕಾಯುತ್ತಾರೆ.

ಹಂತ 4: ಪ್ಯಾಕಿಂಗ್ ವೇಳೆ ಫೋನು ಇನ್ನೊಂದು ಕೋಣೆಯಲ್ಲಿ

ತಪ್ಪಾಗುವುದು ಇಲ್ಲೇ. ಹುಬ್ಬಳ್ಳಿಯ ಅರ್ಧ ಕೆಜಿ, ಮೈಸೂರಿನ ಒಂದು ಕೆಜಿ ಪಕ್ಕಪಕ್ಕದಲ್ಲಿ ಇವೆ. ಟೇಪು ಹರಿಯುತ್ತಿದ್ದೀರಿ, ಫೋನು ಟಿಂಗ್ ಅನ್ನುತ್ತದೆ, ತಿರುಗಿ ನೋಡುತ್ತೀರಿ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಲೇಬಲ್ ಅದಲುಬದಲು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ತೋರಿಸಿದ್ದಾರೆ.

ತೂಕ ಹಾಕಿದ ಕೂಡಲೇ ಆ ಪೊಟ್ಟಣದ ಮೇಲೇ ಮಾರ್ಕರ್‌ನಲ್ಲಿ ತೂಕ, ಊರು ಬರೆಯಿರಿ. ಆಮೇಲೆ ಇನ್ನೊಂದನ್ನು ಮುಟ್ಟಿ. ಮಳೆಗಾಲದಲ್ಲಿ ಕೊಬ್ಬರಿ ಒದ್ದೆ ಇದ್ದರೆ ಕವರಿನೊಳಗೇ ಬೂಷ್ಟು ಹಿಡಿಯುತ್ತದೆ, ಅದನ್ನೂ ಆಗಲೇ ನೋಡಿಕೊಳ್ಳಿ.

ಒಂದೇ ಸಮ ಕೂರಲು ಆಗದವರು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಲೆಕ್ಕ ಇಟ್ಟುಕೊಳ್ಳಬಹುದು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಇದನ್ನು ರೂಪಿಸಿದ್ದು ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು. ಟೊಮೆಟೊ ಬೆಳೆಯುವ ಕೋಲಾರದವರಿಗೆ ಖುಷಿಯಾಗುವ ಸಂಗತಿ! ಟೈಮರ್ ಮಾತ್ರ ಫೋನಿನದು ಬೇಡ.

ಹಂತ 5: ಲೈಕ್ ಬಿಡಿ, ಮರು ಆರ್ಡರ್ ಎಣಿಸಿ

ಶನಿವಾರ ಸಂಜೆ ಮೂರೇ ಲೆಕ್ಕ ಸಾಕು: ಎಷ್ಟು ಕಳಿಸಿದೆ, ಎಷ್ಟು ದುಡ್ಡು ಉಳಿಯಿತು, ಎಷ್ಟು ಜನ ಎರಡನೇ ಸಲ ಕೊಂಡರು.

ಹಂತ 6: ಮನೆಯವರಿಗೆ ಹೇಳಿ

‘ಹೇಗೂ ಮನೇಲೇ ಇದ್ದೀಯಲ್ಲ, ಗ್ಯಾಸ್ ಬಂದ್ರೆ ತಗೋ, ಬ್ಯಾಂಕಿಗೆ ಹೋಗಿ ಬಾ’ ಎಂಬ ಮಾತು ದಿನಾ ಬರುತ್ತದೆ. ಹೆಂಗಸರಿಗಂತೂ ಇದು ಇನ್ನೂ ಜಾಸ್ತಿ. ಕೆಲಸದ ಹೊತ್ತನ್ನು ಕ್ಯಾಲೆಂಡರ್ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಮೊದಲ ವಾರ ನಗುತ್ತಾರೆ. ನಗಲಿ, ಚೀಟಿ ಕೀಳಬೇಡಿ.