ವರ್ಗಮೂಲ, ದೋಣಿ ಮತ್ತು ದೇವಗಡದ ದೀಪಸ್ತಂಭ

ದ್ವಿತೀಯ ಪಿಯುಸಿಯಲ್ಲಿ √(ಎಕ್ಸ್² + 9) ಇದರ ಡೆರಿವೇಟಿವ್ (ಎಕ್ಸ್ ಬದಲಾದಂತೆ ಅದು ಬದಲಾಗುವ ದರ) ಕೇಳಿದಾಗಲೆಲ್ಲ ನಾನು 1/(2√(ಎಕ್ಸ್² + 9)) ಎಂದು ಬರೆದು ಮುಂದೆ ಹೋಗುತ್ತಿದ್ದೆ. √ಎಕ್ಸ್ ಇದರ ಡೆರಿವೇಟಿವ್ 1/(2√ಎಕ್ಸ್) ಎಂಬುದು ಬಾಯಿಪಾಠವಾಗಿತ್ತು. ಒಳಗಿನ ಎಕ್ಸ್² + 9 ಕೂಡ ಬದಲಾಗುತ್ತಿರುತ್ತದೆ, ಆದ್ದರಿಂದ ಅದರ ಡೆರಿವೇಟಿವ್ ಆದ 2ಎಕ್ಸ್‌ನಿಂದ ಗುಣಿಸಬೇಕು ಎಂದು ಎಷ್ಟು ಸಲ ತಿದ್ದಿಸಿಕೊಂಡರೂ ಕೈ ಅದೇ ತಪ್ಪಿಗೆ ಓಡುತ್ತಿತ್ತು. ಈಗ ಕಾರವಾರದ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಮಕ್ಕಳ ನೋಟ್‌ಬುಕ್ಕಿನಲ್ಲೂ ಅದೇ ತಪ್ಪು ಕಾಣುತ್ತದೆ.

1/(2√ಎಕ್ಸ್) ಇದರಲ್ಲಿರುವ 2 ಎಲ್ಲಿಂದ ಬಂತೆಂದು ಒಮ್ಮೆ ತೋರಿಸಿಬಿಡುತ್ತೇನೆ. ಎಕ್ಸ್ ಸ್ವಲ್ಪ, ಅಂದರೆ ಎಚ್‌ನಷ್ಟು, ಬದಲಾದಾಗಿನ ದರ (√(ಎಕ್ಸ್ + ಎಚ್) − √ಎಕ್ಸ್)/ಎಚ್. ಇದರ ಅಂಶ, ಛೇದ ಎರಡನ್ನೂ √(ಎಕ್ಸ್ + ಎಚ್) + √ಎಕ್ಸ್‌ನಿಂದ ಗುಣಿಸಿದರೆ ಅಂಶದಲ್ಲಿ ಬರಿಯ ಎಚ್ ಉಳಿದು, ಕೆಳಗಿನ ಎಚ್ ಜೊತೆ ಹೊಡೆದುಹೋಗುತ್ತದೆ. ಉಳಿದದ್ದರಲ್ಲಿ ಎಚ್ ಸೊನ್ನೆಯತ್ತ ಸಾಗಿದಂತೆ ಛೇದದಲ್ಲಿ ಎರಡು √ಎಕ್ಸ್ ಸೇರುತ್ತವೆ.

ಒಳಗಿನದರ ಡೆರಿವೇಟಿವ್‌ನಿಂದಲೂ ಗುಣಿಸಬೇಕೆಂಬ ಸರಪಳಿ ನಿಯಮಕ್ಕೆ (ಚೈನ್ ರೂಲ್) ಮಾತ್ರ ಸಮುದ್ರವೇ ಬೇಕು. ಕಾರವಾರದ ಬೈತಖೋಲ ಬಂದರಿನಿಂದ ಹೊರಟ ದೋಣಿಯೊಂದು ನೇರ ಗೆರೆಯಲ್ಲಿ ಸಾಗುತ್ತಿದೆ, ದೇವಗಡ ದ್ವೀಪದ ದೀಪಸ್ತಂಭಕ್ಕೆ ಅತಿ ಹತ್ತಿರ ಬಂದಾಗ ನಡುವಿನ ಅಂತರ 3 ಕಿಲೋಮೀಟರ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇವೆ. ಆ ಹತ್ತಿರದ ಬಿಂದುವನ್ನು ದಾಟಿ ಹೋದ ದೂರ ಎಕ್ಸ್. ಇನ್ನೂ ದಾಟದಿದ್ದರೆ ಎಕ್ಸ್ ಋಣ. ಪೈಥಾಗೊರಸ್ ಪ್ರಕಾರ ದೀಪಸ್ತಂಭಕ್ಕಿರುವ ದೂರ √(ಎಕ್ಸ್² + 9). ಎಕ್ಸ್ −4 ಆದಾಗ ದೂರ 5 ಕಿಲೋಮೀಟರ್, ದೋಣಿ ಹತ್ತಿರ ಬರುತ್ತಿದೆ.

ಈಗ ತಪ್ಪು ಉತ್ತರದಲ್ಲಿ −4 ಹಾಕಿಸುತ್ತೇನೆ. ಬರುವುದು 1/10. ಕಳೆದ ವರ್ಷ ಮೀನುಗಾರರ ಮನೆಯ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು, "ಟೀಚರ್, ದೋಣಿ ಹತ್ತಿರ ಬರುವಾಗ ದೂರ ಹೆಚ್ಚುವುದು ಹೇಗೆ?" ಎಂದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 2ಎಕ್ಸ್‌ನಿಂದ ಗುಣಿಸಿ, ಎರಡನ್ನು ಹೊಡೆದುಹಾಕಿದರೆ ಎಕ್ಸ್/√(ಎಕ್ಸ್² + 9). ಅದರಲ್ಲಿ −4 ಹಾಕಿದರೆ −4/5. ಋಣ ಚಿಹ್ನೆಯನ್ನು ತಂದದ್ದೇ ನಾವು ಮರೆಯುತ್ತಿದ್ದ ಆ 2ಎಕ್ಸ್.

ದಾಟಿದ ಮೇಲಿನ ಸ್ಥಿತಿಯನ್ನು ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷಿಸಿದೆವು. ಎಕ್ಸ್ 4 ಇದ್ದದ್ದು 4.01 ಆದರೆ ದೂರ 5ರಿಂದ ಸುಮಾರು 5.008ಕ್ಕೆ ಏರುತ್ತದೆ, 0.008 ಭಾಗಿಸು 0.01, ಅಂದರೆ 0.8. ಸೂತ್ರವೂ 4/5 ಎನ್ನುತ್ತದೆ. ಆಮೇಲೆ ಆ ಹುಡುಗಿ ಕೇಳದೆಯೇ ಎಕ್ಸ್‌ಗೆ ಸೊನ್ನೆ ಹಾಕಿ ನೋಡಿದಳು. ಉತ್ತರ ಸೊನ್ನೆ. ದೋಣಿ ದೀಪಸ್ತಂಭಕ್ಕೆ ಸರಿಯಾಗಿ ಎದುರಾದ ಆ ಕ್ಷಣದಲ್ಲಿ ದೂರ ಕಡಿಮೆಯಾಗುವುದು ನಿಂತಿದೆ, ಹೆಚ್ಚುವುದು ಇನ್ನೂ ಶುರುವಾಗಿಲ್ಲ ಎಂದು ಅವಳೇ ವಿವರಿಸಿದಳು.