ಕಿವಿ ಕೇಳಿಸದ ಬೆಕ್ಕಿನ ಮರಿಗೆ ಬಂದದ್ದೂ ಹೇಳಿ, ಹೋಗುವುದೂ ಹೇಳಿ

ಮೊನ್ನೆ ಕುಂದಾಪುರದಿಂದ ತಂಗಿಯ ಮಗಳ ಫೋನು. "ದೊಡ್ಡಮ್ಮ, ಈ ಬಿಳಿ ಮರಿಗೆ ಎಂತ ಹಠ ಗೊತ್ತುಂಟಾ? ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ" ಅಂದಳು. ಕಣ್ಣು ಯಾವ ಬಣ್ಣ ಎಂದು ಕೇಳಿದೆ. ಎರಡೂ ನೀಲಿಯಂತೆ. "ಹಠ ಅಲ್ಲ ಮಗಾ, ಅದಕ್ಕೆ ಕಿವಿ ಕೇಳಿಸುವುದಿಲ್ಲ ಅಂತ ಕಾಣ್ತದೆ" ಅಂದೆ. ಪಾಪ, ಅಲ್ಲಿಯವರೆಗೆ ಅದಕ್ಕೆ ದಿನವೂ ಬೈಗುಳ ಬೀಳುತ್ತಿತ್ತು.

ಉಡುಪಿ ಸಂತೆಕಟ್ಟೆಯ ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಇದೆ. ಹೆಸರು ಮಲ್ಲಿಗೆ, ಈಗ 9 ವರ್ಷ. ಬಿಳಿ ಬಣ್ಣ ಕೊಡುವ ಗುಣವೇ ಕೆಲವು ಮರಿಗಳಲ್ಲಿ ಒಳಕಿವಿಯನ್ನೂ ಕೆಡಿಸುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದ ಹಿಡಿಯುವ ಭಾಗ ಒಣಗಿ ಹೋಗುತ್ತದೆ. ಎರಡೂ ಕಣ್ಣು ನೀಲಿ ಇರುವ ಬಿಳಿ ಬೆಕ್ಕುಗಳಲ್ಲಿ 100ಕ್ಕೆ 65ರಿಂದ 85ರಷ್ಟು ಕಿವುಡು ಎನ್ನುತ್ತಾರೆ. ಎಲ್ಲವೂ ಅಲ್ಲ, ಹಾಗಾಗಿ ಕಣ್ಣು ನೋಡಿ ತೀರ್ಮಾನ ಮಾಡಬೇಡಿ. ಹೀಗೆ ಹುಟ್ಟಿನಿಂದ ಬಂದದ್ದಕ್ಕೆ ಮದ್ದಿಲ್ಲ. ಬೆಚ್ಚಗಿನ ತೆಂಗಿನೆಣ್ಣೆ, ಬೆಳ್ಳುಳ್ಳಿ ರಸ ಅಂತ ಕಿವಿಗೆ ಏನೂ ಬಿಡಬೇಡಿ. ಕಿವಿಯೊಳಗೆ ಕಾಫಿ ಚರಟದಂಥ ಕಪ್ಪು ಕೊಳೆ ಇದ್ದರೆ, ತಲೆ ಒಂದು ಕಡೆಗೆ ವಾಲಿದ್ದರೆ ಅದು ಬೇರೆ ತೊಂದರೆ. ಅದನ್ನು ಪಶು ವೈದ್ಯರಿಗೆ ತೋರಿಸಲೇಬೇಕು.

ಕೇಳಿಸುತ್ತದೋ ಇಲ್ಲವೋ ನೋಡುವಾಗ ಹೆಚ್ಚಿನವರು ತಟ್ಟೆ ಬಡಿಯುತ್ತಾರೆ, ಬಾಗಿಲು ಧಡಾರ್ ಅಂತ ಹಾಕುತ್ತಾರೆ. ಆಗ ನೆಲ ಅದುರುತ್ತದೆ, ಗಾಳಿ ಬೀಸುತ್ತದೆ. ಮರಿ ಎದ್ದು ಕೂತರೆ ಕೇಳಿಸಿತು ಅಂದುಕೊಳ್ಳುತ್ತೇವೆ. ಅದು ಸರಿಯಾದ ಪರೀಕ್ಷೆ ಅಲ್ಲ. ಮರಿ ದಪ್ಪ ಹಾಸಿಗೆಯ ಮೇಲೆ ನಿದ್ದೆ ಮಾಡುವಾಗ ಅದರ ಹಿಂದೆ ನಾಲ್ಕೈದು ಅಡಿ ದೂರ ನಿಂತು ಕೀಲಿಗೊಂಚಲು ಅಲ್ಲಾಡಿಸಿ, ಇಲ್ಲವೇ ಮೀನು ತಂದ ಪ್ಲಾಸ್ಟಿಕ್ ತೊಟ್ಟೆ ಸರಬರ ಮಾಡಿ. ಕಿವಿ ಇರುವ ಬೆಕ್ಕಾದರೆ ನಿದ್ದೆಯಲ್ಲೂ ಕಿವಿಯ ಎಲೆ ಆ ಕಡೆ ತಿರುಗುತ್ತದೆ. ಎರಡು ಮೂರು ದಿನ ಹೀಗೆ ನೋಡಿ. ನಮ್ಮ ಮಲ್ಲಿಗೆ ಮಿಕ್ಸಿಯ ಪಕ್ಕದಲ್ಲಿ, ನಾನು ಮಸಾಲೆ ಅರೆಯುತ್ತಿರುವಾಗ, ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಆಗಲೇ ನನಗೆ ಗೊತ್ತಾದದ್ದು.

ಈಗ ಮುಖ್ಯ ಮಾತು. ಬೇರೆ ಬೆಕ್ಕಿಗೆ ನೀವು ಅಂಗಳದಲ್ಲಿ ಇರುವಾಗಲೇ ಚಪ್ಪಲಿ ಸದ್ದಿನಿಂದ ಗೊತ್ತಾಗುತ್ತದೆ. ಈ ಮರಿಗೆ ನೀವು ಬಂದದ್ದು ಗೊತ್ತಾಗುವುದು ನಿಮ್ಮ ಕೈ ಮೈಮೇಲೆ ಬಿದ್ದಾಗ. ಅದು ಗುಣದಲ್ಲಿ ಕೋಪದ್ದಲ್ಲ, ಬೆಚ್ಚಿ ಬೀಳುತ್ತದೆ ಅಷ್ಟೇ. ಮೊದಲ ತಿಂಗಳಲ್ಲಿ ನನ್ನ ಮೊಮ್ಮಗ ಮುದ್ದು ಬಂದು, ಮಲಗಿದ್ದ ಮಲ್ಲಿಗೆಯನ್ನು ಹಿಂದಿನಿಂದ ಎತ್ತಿದ. ನಾಲ್ಕು ಕಾಲೂ ಅಗಲಿಸಿ, ಉಗುರು ಪೂರ್ತಿ ಹೊರಗೆ ಹಾಕಿ, ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಮೂರು ಗೀರು ಎಳೆದು ಕಪಾಟಿನ ಅಡಿಗೆ ಓಡಿತು. ಇಬ್ಬರೂ ನಡುಗುತ್ತಿದ್ದರು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಪ್ಪು ಮಗುವಿನದ್ದೂ ಅಲ್ಲ, ಮರಿಯದ್ದೂ ಅಲ್ಲ. ಹೇಗೆ ಎಬ್ಬಿಸಬೇಕು ಎಂದು ನಾನು ಮೊದಲೇ ಹೇಳಿಕೊಡಬೇಕಿತ್ತು.

ಎಬ್ಬಿಸುವ ಕ್ರಮ ಹೀಗೆ. ಮುಖದ ಕಡೆಯಿಂದ ಬನ್ನಿ. ಅದು ಮಲಗಿದ ಹಾಸಿಗೆಯನ್ನು ಒಂದು ಮೊಳ ದೂರದಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ. ಏಳದಿದ್ದರೆ ಸ್ವಲ್ಪ ಹತ್ತಿರ ಒತ್ತಿ. ಕಣ್ಣು ಬಿಟ್ಟ ಮೇಲೆ ಬೆರಳು ಮೂಸಲು ಕೊಡಿ, ಆಮೇಲೆ ಮುಟ್ಟಿ. ನೆಲಕ್ಕೆ ಕಾಲು ಬಡಿಯುವುದು ಎಲ್ಲ ಕಡೆ ನಡೆಯುವುದಿಲ್ಲ. ನಮ್ಮ ಮಾಳಿಗೆಯಲ್ಲಿ ಮರದ ಹಲಗೆ, ಅಲ್ಲಿ ಒಂದು ಸಲ ಹಿಮ್ಮಡಿ ಊರಿದರೆ ಸಾಕು, ಮಲ್ಲಿಗೆ ತಲೆ ಎತ್ತುತ್ತದೆ. ಕೆಳಗೆ ಚಾವಡಿಯ ಕೆಂಪು ಕಾವಿ ನೆಲದಲ್ಲಿ ಎಷ್ಟು ಬಡಿದರೂ ನನ್ನ ಮಂಡಿ ನೋವು ಬಂದದ್ದೇ ಬಂತು. ಅಲ್ಲಿ ಲೈಟಿನ ಸ್ವಿಚ್ ಎರಡು ಸಲ ಹಾಕಿ ತೆಗೆಯುತ್ತೇನೆ. ಟಾರ್ಚ್ ಆದರೆ ನೆಲಕ್ಕೆ ಬಿಡಿ, ಕಣ್ಣಿಗೆ ಬೇಡ. ಲೇಸರ್ ಬೇಡವೇ ಬೇಡ.

ಕರೆಯುವುದಕ್ಕೆ, ಬೇಡ ಎನ್ನುವುದಕ್ಕೆ ಕೈಸನ್ನೆ ಕಲಿಸಿ. ಮರಿಗೆ ಎರಡು ತಿಂಗಳಾದರೆ ಶುರು ಮಾಡಬಹುದು. ಊಟಕ್ಕೆ ಸ್ವಲ್ಪ ಮೊದಲು, ಹಸಿವಿರುವಾಗ, ಎರಡು ಮೂರು ನಿಮಿಷ ಸಾಕು. ಅದು ನಿಮ್ಮ ಮುಖ ನೋಡುವವರೆಗೆ ಕಾಯಿರಿ. ನೋಡಿದ ಕೂಡಲೇ ಅಂಗೈಯನ್ನು ನೆಲದ ಹತ್ತಿರ ನಿಮ್ಮ ಕಡೆಗೆ ಎಳೆಯಿರಿ, ಬಂದ ಕ್ಷಣವೇ ಕಡಲೆ ಗಾತ್ರದ ಒಂದು ತುಂಡು ಬೇಯಿಸಿದ ಬಂಗುಡೆ ಕೊಡಿ. ತಡ ಮಾಡಿದರೆ ಯಾಕೆ ಸಿಕ್ಕಿತು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಉಪ್ಪು, ಈರುಳ್ಳಿ, ಮಸಾಲೆ ಇರಬಾರದು, ಮುಳ್ಳು ತೆಗೆದಿರಬೇಕು. ಜೂನ್, ಜುಲೈಯಲ್ಲಿ ಮಲ್ಪೆ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಆಗ ಒಣಮೀನು ಕೊಡಬೇಡಿ, ಅದರಲ್ಲಿ ಉಪ್ಪು ಜಾಸ್ತಿ. ಬೇಯಿಸಿದ ಕೋಳಿ ತುಂಡು ಆಗುತ್ತದೆ. ಬೇಡ ಎನ್ನಲು ಅಂಗೈಯನ್ನು ನೆಟ್ಟಗೆ ಅದರ ಮುಂದೆ ಹಿಡಿಯಿರಿ. ಮನೆಯವರೆಲ್ಲ ಒಂದೇ ಸನ್ನೆ ಮಾಡಬೇಕು. ಮಗ ಒಂದು, ಸೊಸೆ ಒಂದು ಮಾಡಿದರೆ ಮರಿ ಕಲಿಯುವುದಿಲ್ಲ. ಇನ್ನೊಂದು, ಕರೆಯುವ ಸನ್ನೆ ಮಾಡಿ ಮದ್ದು ಕುಡಿಸಬೇಡಿ, ಉಗುರು ಕತ್ತರಿಸಬೇಡಿ. ಒಂದು ಸಲ ಮೋಸವಾದರೆ ಮರುದಿನ ಕೈ ನೋಡಿ ದೂರ ಹೋಗುತ್ತದೆ.

ಕಚ್ಚುವುದರ ಬಗ್ಗೆ. ಮರಿಗಳು ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚುತ್ತದೆ, ಅದನ್ನು ಕೇಳಿ ಮೊದಲನೆಯದು ಹಲ್ಲು ಸಡಿಲ ಮಾಡಲು ಕಲಿಯುತ್ತದೆ. ಕಿವುಡು ಮರಿಗೆ ಆ ಪಾಠ ಸಿಗುವುದಿಲ್ಲ. ಕಚ್ಚಿದ ತಕ್ಷಣ ಆಟ ನಿಲ್ಲಿಸಿ, ಕೈ ಅಲ್ಲಾಡಿಸದೆ ಇಟ್ಟು, ಬಿಟ್ಟ ಮೇಲೆ ಮುಖ ತಿರುಗಿಸಿ ಕೂತುಕೊಳ್ಳಿ. ಒಂದು ನಿಮಿಷ ಬಿಟ್ಟು ಹಿಡಿಸೂಡಿ ಕಡ್ಡಿಯ ತುದಿಗೆ ಬಟ್ಟೆ ಚೂರು ಕಟ್ಟಿ ಆಡಿಸಿ. ಹೊಡೆಯುವುದು, ನೀರು ಎರಚುವುದು ಮಾಡಿದರೆ ಕೈ ಕಂಡರೆ ಹೆದರುತ್ತದೆ. ಕೈಯೇ ಅದಕ್ಕೆ ಮಾತು, ಆ ಕೈಗೆ ಹೆದರಿದರೆ ಮತ್ತೆ ಹೇಗೆ ಮಾತಾಡುವುದು?

ಹೊರಗೆ ಬಿಡಲೇಬೇಡಿ. ಇದರಲ್ಲಿ ನಾನು ಯಾರ ಮಾತೂ ಒಪ್ಪುವುದಿಲ್ಲ. ಹಿಂದೆ ಬರುವ ಸ್ಕೂಟರ್, ನಾಯಿ ಯಾವುದೂ ಕೇಳಿಸುವುದಿಲ್ಲ. ನಾವು ಜಗಲಿಗೆ ಕಬ್ಬಿಣದ ಸಣ್ಣ ಕಣ್ಣಿನ ಮೆಶ್ ಹಾಕಿಸಿದ್ದೇವೆ. ಮೊದಲು ಮೀನಿನ ಹಳೇ ಬಲೆ ಕಟ್ಟಿದ್ದೆ, ಉಗುರು ಸಿಕ್ಕಿಹಾಕಿಕೊಂಡಿತು. ಬಾವಿಗೆ ಮುಚ್ಚಳ ಬೇಕು. ಕಾರು ತೆಗೆಯುವ ಮೊದಲು ಮರಿ ಎಲ್ಲಿದೆ ನೋಡಿ. ಮನೆಯೊಳಗೂ ಸ್ವಲ್ಪ ಗಮನ ಬೇಕು. ಸಾಸಿವೆ ಚಟಪಟ ಅಂದರೆ ಬೇರೆ ಬೆಕ್ಕು ದೂರ ಓಡುತ್ತದೆ, ಇದು ಒಲೆಕಟ್ಟೆಗೇ ಹಾರುತ್ತದೆ. ಕಡಲ ಗಾಳಿಗೆ ಬಾಗಿಲು ಬಡಿಯುವುದೂ ಗೊತ್ತಾಗದೆ ಬಾಲ ಸಿಕ್ಕಿಬಿಡುತ್ತದೆ, ಅದಕ್ಕೆ ಬಾಗಿಲಿಗೆ ಒಂದು ಕಲ್ಲು ಅಡ್ಡ ಇಡಿ. ಬಿಳಿ ಕಿವಿಗೆ ನಡು ಮಧ್ಯಾಹ್ನದ ಬಿಸಿಲೂ ಒಳ್ಳೆಯದಲ್ಲ, ವರ್ಷಗಟ್ಟಲೆ ಸುಟ್ಟರೆ ಕ್ಯಾನ್ಸರ್ ಬರುವುದುಂಟು. ಲಸಿಕೆ, ಸಂತಾನಹರಣ ಎಲ್ಲ ಬೇರೆ ಮರಿಗಳ ಹಾಗೆಯೇ.

ರಾತ್ರಿ ಇವು ದೊಡ್ಡ ದನಿಯಲ್ಲಿ ಕೂಗುತ್ತವೆ. ತಮ್ಮ ದನಿ ತಮಗೇ ಕೇಳಿಸದಲ್ಲ. ಎಚ್ಚರವಾದಾಗ ಯಾರೂ ಕಾಣದಿದ್ದರೆ ಮನೆ ಖಾಲಿ ಎಂದೇ ಅದರ ಲೆಕ್ಕ. ಝೀರೋ ಬಲ್ಬ್ ಒಂದು ಉರಿಯಲಿ. ನೀವು ಉಟ್ಟು ಬಿಟ್ಟ ಹತ್ತಿ ಸೀರೆಯನ್ನು ತೊಳೆಯದೆ ಮಡಚಿ ಹಾಸಿ, ವಾಸನೆ ಇರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟಾರ್ಚ್ ಹಿಡಿದು ಅದರ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ. ಗುಡುಗಿಗೆ ಅದು ಹೆದರುವುದಿಲ್ಲ, ಕತ್ತಲೆಗೆ ಹೆದರುತ್ತದೆ.

ಹಾಗೆಯೇ ಹೋಗುವಾಗಲೂ ಹೇಳಿ ಹೋಗಿ. ಮರಿ ನಿದ್ದೆಯಲ್ಲಿದೆ ಎಂದು ಸುಮ್ನೆ ಎದ್ದು ಹೋದರೆ ಆಮೇಲೆ ಕೋಣೆ ಕೋಣೆ ಹುಡುಕಿ ಕೂಗುತ್ತದೆ. ನಾನು ಪೇಟೆಗೆ ಹೊರಡುವ ಮೊದಲು ಚೀಲವನ್ನು ಮಲ್ಲಿಗೆಯ ಮುಂದೆ ಇಡುತ್ತೇನೆ. ಅದು ಮೂಸುತ್ತದೆ. ಹಣೆಯ ಮೇಲೆ ಎರಡು ಬೆರಳು ಇಟ್ಟು ತೆಗೆಯುತ್ತೇನೆ. ಆ ಸನ್ನೆ ಹೋಗಿ ಬರುವುದಕ್ಕೆ ಮಾತ್ರ, ಬೇರೆ ಯಾವುದಕ್ಕೂ ಮಾಡುವುದಿಲ್ಲ. ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಅದಕ್ಕೊಂದು ಸಣ್ಣ ಗೆಜ್ಜೆ ಕಟ್ಟಿದ್ದೇನೆ. ಕರೆದರೆ ಓ ಅನ್ನುವ ಬೆಕ್ಕಲ್ಲ, ಗೆಜ್ಜೆ ಇದ್ದರೆ ಅದು ಎಲ್ಲಿದೆ ಎಂದು ನಮಗಾದರೂ ಕೇಳಿಸುತ್ತದೆ. ಸಂಜೆ ನಾನು ಗೇಟು ತೆಗೆದು ಜಗಲಿಯ ಲೈಟು ಎರಡು ಸಲ ಹಾಕಿದರೆ, ಮಾಳಿಗೆಯ ಮೆಟ್ಟಿಲಲ್ಲಿ ಗೆಜ್ಜೆ ಇಳಿದು ಬರುವುದು ಕೇಳುತ್ತದೆ.