ಹಂದಿಯೋ ಕುರಿಯೋ: ಮೆಲ್ಬರ್ನ್‌ನಲ್ಲಿ ನಾನು ಯೀರೋಸ್ ಸುಟ್ಟ ಬಗೆ

ಮೆಲ್ಬರ್ನ್‌ನ ಓಕ್ಲಿಯಲ್ಲಿ ಗ್ರೀಕ್ ಕುಟುಂಬವೊಂದರ ಅಂಗಡಿಯಿತ್ತು. ಓದುವ ದಿನಗಳಲ್ಲಿ ಅಲ್ಲಿ ಮೂರು ವರ್ಷ ಯೀರೋಸ್ ಸುಡುವ ಕೆಲಸ ಮಾಡಿದೆ. ಯೀರೋಸ್ ಎಂದರೆ ನೆಟ್ಟಗಿನ ಕಂಬಿಗೆ ಪೋಣಿಸಿ, ತಿರುಗಿಸುತ್ತ ಸುಟ್ಟು, ಕೆತ್ತಿ ಕೊಡುವ ಮಾಂಸ. ಅಷ್ಟೂ ದಿನ ನನ್ನ ಕಣ್ಣ ಮುಂದೆ ತಿರುಗಿದ್ದು ಕುರಿ ಮತ್ತು ಕೋಳಿ. ಗ್ರೀಸಿನಲ್ಲೂ ಹೀಗೆಯೇ ಎಂದುಕೊಂಡಿದ್ದೆ. ಆಮೇಲೆ ಒಮ್ಮೆ ಅಥೆನ್ಸ್‌ಗೆ ಹೋದಾಗ ಮೊನಾಸ್ಟಿರಾಕಿ ಚೌಕದ ಬಳಿ ಸಾಲಿನಲ್ಲಿ ನಿಂತು ಕುರಿಯ ಯೀರೋಸ್ ಕೇಳಿದೆ. ಹುಡುಗ ಎರಡು ಕಂಬಿಗಳ ಕಡೆ ಕೈ ತೋರಿಸಿದ: ‘ಹಿರಿನೋ, ಕೊಟೊಪುಲೋ.’ ಹಂದಿ, ಕೋಳಿ. ಮೂರನೆಯದು ಇರಲಿಲ್ಲ.

ನಾನು ಕೊಡಗಿನವನು. ಪಂದಿ ಕರಿಗೆ ಮಾಂಸ ಬಂದಾಗ ಅಜ್ಜಿ ಮೊದಲು ಕೊಬ್ಬಿನ ಪದರ ಮುಟ್ಟಿ ನೋಡುತ್ತಿದ್ದರು; ಬರೀ ಕೆಂಪಾದ ತುಂಡು ಅವರಿಗೆ ಹಿಡಿಸುತ್ತಿರಲಿಲ್ಲ. ಅಥೆನ್ಸಿನಲ್ಲಿ ಹಂದಿ ಮಾಂಸ ಸುತ್ತಿದ ಆ ಪಿಟಾ ರೊಟ್ಟಿ ಕಚ್ಚಿದಾಗ ಅಜ್ಜಿಯ ಕೈ ನೆನಪಾಯಿತು. ಅಂಚು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಟೊಮೆಟೊ, ಈರುಳ್ಳಿ, ಕರಿದ ಆಲೂಗಡ್ಡೆ, ಮೊಸರು-ಸೌತೆಕಾಯಿಯ ಜಾಜಿಕಿ. ಮಸಾಲೆ ಕಡಿಮೆ, ರುಚಿಯೆಲ್ಲ ಕೊಬ್ಬಿನದು.

ಯೀರೋಸ್ ಎಂಬ ಮಾತಿನ ಅರ್ಥ ತಿರುಗುವುದು. ತುರ್ಕಿಯ ‘ದೋನರ್’ ಎಂಬ ಮಾತಿಗೂ ಅದೇ ಅರ್ಥ. 1922ರ ನಂತರ ಏಷ್ಯಾ ಮೈನರ್‌ನಿಂದ, ಅಂದರೆ ಇಂದಿನ ತುರ್ಕಿಯಿಂದ, ಓಡಿಬಂದ ಗ್ರೀಕ್ ನಿರಾಶ್ರಿತರೊಂದಿಗೆ ಈ ಅಡುಗೆ ಗ್ರೀಸಿಗೆ ಬಂತು. ಅಲ್ಲಿ ಹಂದಿಗೆ ಧರ್ಮದ ಅಡ್ಡಿಯಿರಲಿಲ್ಲ, ಬೆಲೆಯೂ ಕುರಿಗಿಂತ ಕಡಿಮೆ. ಇಡೀ ಕುರಿಮರಿಯನ್ನು ಕಂಬಿಗೇರಿಸಿ ಸುಡುವುದು ಈಸ್ಟರ್ ಹಬ್ಬದ ಊಟ, ಬೀದಿಬದಿಯದ್ದು ಹಂದಿ. ಎರಡನೆಯ ಮಹಾಯುದ್ಧದ ಬಳಿಕ ಗ್ರೀಕರು ದೊಡ್ಡ ಸಂಖ್ಯೆಯಲ್ಲಿ ವಲಸೆ ಬಂದ ಆಸ್ಟ್ರೇಲಿಯಾ ಕುರಿಗಳ ನಾಡು. ಇಲ್ಲಿ ಕೈಗೆ ಸಿಕ್ಕಿದ್ದನ್ನೇ ಅವರು ಕಂಬಿಗೇರಿಸಿದರು. ಅದನ್ನು ಸುಳ್ಳು ಗ್ರೀಕ್ ಅಡುಗೆ ಎನ್ನಲು ನನಗೆ ಮನಸ್ಸಿಲ್ಲ. ಎರಡು ತಲೆಮಾರು ಅದನ್ನು ತಿಂದು ಬೆಳೆದಿದೆ. ನನಗೆ ಒಗ್ಗದಿರುವುದು ಬೇರೆ: ಗೋಮಾಂಸ, ಕುರಿ ಎರಡನ್ನೂ ನುಣ್ಣಗೆ ಅರೆದು, ಬ್ರೆಡ್ ಪುಡಿ ಸೇರಿಸಿ, ಅಚ್ಚಿನಲ್ಲಿ ಒತ್ತಿ ಹೆಪ್ಪುಗಟ್ಟಿಸಿದ ಶಂಕು. 1970ರ ದಶಕದಲ್ಲಿ ಷಿಕಾಗೋದ ಕಾರ್ಖಾನೆಗಳಿಂದ ಅದು ಅಮೆರಿಕದಾದ್ಯಂತ ಹಬ್ಬಿತು. ಅದರಲ್ಲಿ ಪದರವೇ ಇಲ್ಲ. ಪದರವಿಲ್ಲದಿದ್ದರೆ ಗರಿ ಅಂಚು ಎಲ್ಲಿಂದ ಬರಬೇಕು?

ವಾರಾಂತ್ಯದ ಸಂತೆಗೆಂದು ಸ್ವಂತ ಗಾಡಿ ಹಾಕಿದಾಗ ಹಂದಿಯನ್ನೇ ಸುಡಬೇಕೆಂಬ ಹಟ ನನ್ನದು. ಆದರೆ ಸುತ್ತಮುತ್ತಲಿನವರು ಕುರಿಯನ್ನೇ ಕೇಳುತ್ತಾರೆಂದು ಎರಡು ಕಂಬಿ ಇಟ್ಟೆ. ಮೊದಲ ಶನಿವಾರ ಕುರಿಯ ತೊಡೆ ತಂದು ಕೊಬ್ಬನ್ನೆಲ್ಲ ಕೆತ್ತಿ ತೆಗೆದು ಏರಿಸಿದೆ. ಅದೇ ನನ್ನ ತಪ್ಪು. ಎರಡು ಗಂಟೆಯಲ್ಲಿ ಪದರಗಳು ಒಂದರಿಂದೊಂದು ಬಿಟ್ಟುಕೊಂಡವು, ಕತ್ತಿ ತಾಗಿದರೆ ಒಣ ಚೂರುಗಳು ಉದುರಿದವು. ಆ ದಿನದ ಕುರಿಯನ್ನು ಯಾರಿಗೂ ಮಾರಲಿಲ್ಲ.

ಈಗ ಎರಡಕ್ಕೂ ಭುಜದ ಮಾಂಸವನ್ನೇ ತರುತ್ತೇನೆ. ಹಂದಿಗೆ ಕುತ್ತಿಗೆಯದ್ದನ್ನೂ ಸೇರಿಸುತ್ತೇನೆ, ಅದರಲ್ಲಿ ಕೊಬ್ಬು ಎಳೆಎಳೆಯಾಗಿ ಹರಡಿರುತ್ತದೆ. ಅರೆ ಸೆಂಟಿಮೀಟರ್ ದಪ್ಪದ ಅಗಲ ಹಾಳೆಗಳಾಗಿ ಕೊಯ್ದು, ಕಿಲೋಗೆ 15 ಗ್ರಾಂ ಉಪ್ಪು, ಒಣ ಒರೆಗಾನೋ ಸೊಪ್ಪು, ಸಿಹಿ ಪಾಪ್ರಿಕಾ (ಖಾರವಿಲ್ಲದ ಕೆಂಪು ಮೆಣಸಿನ ಪುಡಿ), ಕಾಳುಮೆಣಸು, ಬೆಳ್ಳುಳ್ಳಿ, ಸ್ವಲ್ಪ ವಿನೆಗರ್, ಆಲಿವ್ ಎಣ್ಣೆ ಹಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡುತ್ತೇನೆ. ಏರಿಸುವಾಗ ನಾಲ್ಕು ಹಾಳೆಗೊಂದು ಕೊಬ್ಬಿನ ಹಾಳೆ. ಪ್ರತಿ ಪದರವನ್ನೂ ಅಂಗೈಯಿಂದ ಅದುಮುತ್ತೇನೆ. ನಡುವೆ ಗಾಳಿ ಉಳಿದರೆ ಅಲ್ಲೇ ಕುಸಿಯುತ್ತದೆ. ಕೊನೆಗೆ ಹೊರಚಾಚಿದ ಅಂಚುಗಳನ್ನು ಉದ್ದ ಕತ್ತಿಯಿಂದ ಸವರಿ, ಆ ಚೂರುಗಳನ್ನೇ ನೆತ್ತಿಗೆ ಚುಚ್ಚುತ್ತೇನೆ. ಮೇಲಿನ ಕೊಬ್ಬು ಕರಗಿ ಕೆಳಗಿಳಿಯುವುದು ಮುಖ್ಯ. ಬೆಂದ ಹೊರಪದರವನ್ನು ಮಾತ್ರ ಕೆತ್ತಿ, ಕಾದ ಹಂಚಿನ ಮೇಲೆ ಒಮ್ಮೆ ತಿರುವಿ ಕೊಡುತ್ತೇನೆ. ಅರೆಬೆಂದು ಉಳಿದದ್ದನ್ನು ಮರುದಿನಕ್ಕೆ ಇಡುವುದಿಲ್ಲ. ಜಾಜಿಕಿಗೆ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿರಲಿಲ್ಲ: ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ತುರಿದು ಗಟ್ಟಿಯಾಗಿ ಹಿಂಡಿದ ಸೌತೆಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ.

ಕಷ್ಟವಾದದ್ದು ಗಿರಾಕಿಗಳಿಗೆ ಹೇಳುವ ಮಾತು. ನಮ್ಮ ಕಡೆಯ ವಿದ್ಯಾರ್ಥಿಗಳು ಬಂದು ‘ಅಣ್ಣಾ, ಇದರಲ್ಲಿ ದನದ ಮಾಂಸ ಬೆರೆಸಿದ್ದೀರಾ?’ ಎಂದು ಕೇಳುತ್ತಾರೆ. ಇಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲೆ, ಏಕೆಂದರೆ ಪ್ರತಿ ಹಾಳೆಯನ್ನೂ ನಾನೇ ಕೊಯ್ದಿರುತ್ತೇನೆ. ಹಲಾಲ್ ಕೇಳುವವರಿಗೆ ‘ಇಲ್ಲಿ ಬೇಡ, ಪಕ್ಕದಲ್ಲೇ ಹಂದಿ ಸುಡುತ್ತಿದೆ’ ಎಂದು ಕೇಳಿದ ಕೂಡಲೇ ತಿಳಿಸುತ್ತೇನೆ. ಕತ್ತಿ, ಹಂಚು, ತಟ್ಟೆ ಎರಡಕ್ಕೂ ಬೇರೆಬೇರೆ ಇವೆ. ಆದರೂ ಒಂದೇ ಗಾಡಿಯ ಹೊಗೆ, ಒಂದೇ ಗಾಡಿಯ ಎಣ್ಣೆ. ವ್ಯಾಪಾರ ಕೈಬಿಟ್ಟರೂ ಸರಿ, ಒಬ್ಬರ ನಂಬಿಕೆಗೆ ಎರವಾಗಲು ನನ್ನಿಂದಾಗದು.

ಒಂದು ಮಧ್ಯಾಹ್ನ ಕಪ್ಪುಡುಗೆಯ ಗ್ರೀಕ್ ಅಜ್ಜಿಯೊಬ್ಬರು ಬಂದು ಕಂಬಿಯನ್ನೇ ದಿಟ್ಟಿಸಿದರು. ‘ಹಿರಿನೋ?’ ಎಂದರು. ಹೌದು ಎಂದೆ. ಪಿಟಾ ಬೇಡ ಎಂದು ಕೈಯಾಡಿಸಿದರು. ಕಾಗದದ ಮೇಲೆ ಹಾಕಿಕೊಟ್ಟ ನಾಲ್ಕು ಚೂರುಗಳನ್ನು ಗಾಡಿಗೆ ಆತು ನಿಂತು ನಿಧಾನವಾಗಿ ಜಗಿದರು. ‘ಉಪ್ಪು ಸರಿಯಿದೆ, ಪೆದಿ ಮು. ಒರೆಗಾನೋ ಮೊದಲೇ ಹಾಕಬೇಡ, ಕಹಿಯಾಗುತ್ತದೆ. ಕೆತ್ತಿದ ಮೇಲೆ ಉದುರಿಸು’ ಎಂದರು. ‘ಪೆದಿ ಮು’ ಎಂದರೆ ‘ನನ್ನ ಮಗು’.

ಮುಂದಿನ ವಾರದಿಂದ ಅರ್ಧ ಒರೆಗಾನೋ ಮಾತ್ರ ನೆನೆಹಾಕುವಾಗ ಹಾಕುತ್ತಿದ್ದೇನೆ. ಉಳಿದರ್ಧ ಪುಟ್ಟ ಡಬ್ಬಿಯಲ್ಲಿ ಹಂಚಿನ ಪಕ್ಕದಲ್ಲೇ ಇರುತ್ತದೆ.